ಚಿನ್ನದ ರೆಕಾರ್ಡಿನ ತೂಕ

ಸರಕೂ ತನ್ನದು, ತಕ್ಕಡಿಯೂ ತನ್ನದೇ ಆದರೆ ಆ ವರ್ತಕನ ತೂಕವನ್ನು ಎಷ್ಟರಮಟ್ಟಿಗೆ ನಂಬಬಹುದು? ಅಮೆರಿಕದ ಗ್ರಾಮಫೋನ್ ವ್ಯಾಪಾರದಲ್ಲಿ ಈ ಪ್ರಶ್ನೆ ಬಹುಕಾಲ ಕಾಡಿತು.

೧೯೪೨ನೆಯ ಫೆಬ್ರವರಿಯಲ್ಲಿ, ರೇಡಿಯೋ ಕಾರ್ಯಕ್ರಮವೊಂದರ ನಡುವೆ, ವಾದ್ಯವೃಂದದ ನಾಯಕ ಗ್ಲೆನ್ ಮಿಲ್ಲರನಿಗೆ ಆರ್‌ಸಿಎ ವಿಕ್ಟರ್ ಕಂಪೆನಿಯವರು ಹೊಂಬಣ್ಣ ಬಳಿದ ರೆಕಾರ್ಡೊಂದನ್ನು ಕಾಣಿಕೆಯಿತ್ತರು. ‘ಚಟ್ಟನೂಗ ಚೂ ಚೂ’ ಎಂಬ ಅವನ ರೆಕಾರ್ಡು ೧೨ ಲಕ್ಷ ಪ್ರತಿ ಮಾರಾಟವಾಯಿತೆಂದು ಕಂಪೆನಿಯ ಲೆಕ್ಕ. ಮುಂದೆ ಇತರ ಕಂಪೆನಿಗಳೂ ಇದೇ ಹಾದಿ ಹಿಡಿದುವು. ಲೆಕ್ಕ ಹೇಳಿದವರೂ ಅವರೇ, ಬಿರುದು ಕೊಟ್ಟವರೂ ಅವರೇ!

೧೯೫೨ರಲ್ಲಿ ಕಂಪೆನಿಗಳೆಲ್ಲ ಕೂಡಿ ಒಂದು ಉದ್ಯಮ ಸಂಘವನ್ನು ಕಟ್ಟಿಕೊಂಡುವು. ರೆಕಾರ್ಡು ಕೊರೆಯುವಾಗ ಮಂದ್ರ, ತಾರ ಧ್ವನಿಗಳನ್ನು ಎಷ್ಟು ತಗ್ಗಿಸಬೇಕು, ಎಷ್ಟು ಏರಿಸಬೇಕು ಎಂಬುದಕ್ಕೆ ಅದು ೧೯೫೪ರಲ್ಲಿ ಒಂದೇ ಪ್ರಮಾಣವನ್ನು ಗೊತ್ತುಪಡಿಸಿತು. ಮಾರಾಟದ ಅಳತೆಗೆ ಕೈಹಾಕಿದುದು ೧೯೫೮ರಲ್ಲಿ. ಅಂದಿನಿಂದ ಕಂಪೆನಿಯ ಖಾತೆಪುಸ್ತಕಗಳನ್ನು ಹೊರಗಿನ ಲೆಕ್ಕಪರಿಶೋಧಕರು ನೋಡಿದ ಮೇಲೆಯೇ ‘ಚಿನ್ನ’ದ ಮನ್ನಣೆ. ಬಿಡಿ ಹಾಡಿಗೆ ೧೦ ಲಕ್ಷ ಪ್ರತಿ. ಆಲ್ಬಮ್ಮಿಗೆ, ತಯಾರಕರ ಸಗಟು ಬೆಲೆಯಲ್ಲಿ ೧೦ ಲಕ್ಷ ಡಾಲರಿನ ವ್ಯಾಪಾರ. ಮೊದಲ ಹಾಡು ಪೆರಿ ಕೋಮೋನದು. ಮೊದಲ ಆಲ್ಬಮ್ ‘ಓಕ್ಲಹೋಮ!’ ಚಿತ್ರದ ಸಂಗೀತ. ೧೯೭೬ರಲ್ಲಿ ಚಿನ್ನದ ಮೇಲೆ ‘ಪ್ಲಾಟಿನಮ್’ ಬಂತು; ಆಲ್ಬಮ್ಮಿಗೆ ಅದರ ಅಳತೆ ೧೦ ಲಕ್ಷ ಪ್ರತಿ.

ತಕ್ಕಡಿಯೇನೋ ಸರಿಹೋಯಿತು, ಆದರೆ ತೂಗುತ್ತಿದ್ದುದು ಏನನ್ನು? ಅಂಗಡಿಗೆ ರವಾನೆಯಾದ ಪ್ರತಿಗಳನ್ನು. ಮಾರದೆ ಉಳಿದುದನ್ನು ಅಂಗಡಿಯವರು ಹಿಂದಕ್ಕೆ ಕಳಿಸಬಹುದಾಗಿತ್ತು. ೧೯೭೮ರ ಸೆಪ್ಟೆಂಬರಿನಲ್ಲಿ ‘ಕಿಸ್’ ತಂಡದ ನಾಲ್ವರು ಗಾಯಕರ ನಾಲ್ಕು ಪ್ರತ್ಯೇಕ ಆಲ್ಬಮ್‌ಗಳು ಒಂದೇ ದಿನ ಹೊರಬಂದು, ಕೆಲವೇ ದಿನಗಳಲ್ಲಿ ನಾಲ್ಕೂ ಪ್ಲಾಟಿನಮ್ ಎನಿಸಿಕೊಂಡುವು. ಆಮೇಲೆ ರಾಶಿರಾಶಿಯಾಗಿ ಪ್ರತಿಗಳು ಮರಳಿದುವು. ಇಂಥ ಅನುಭವಗಳ ಬಳಿಕ, ೧೯೭೯ರಲ್ಲಿ ಸಂಘ ಎಚ್ಚೆತ್ತಿತು: ಬಿಡುಗಡೆಯಾದ ಮೇಲೆ ಕೆಲವು ತಿಂಗಳು ಕಾದು, ಹಿಂದಿರುಗಿದುದನ್ನು ಕಳೆದ ನಂತರವೇ ಮನ್ನಣೆ ಎಂದು ನಿಯಮ ಮಾಡಿತು.

೨೦೧೬ರಿಂದ ಅಂತರಜಾಲದಲ್ಲಿ ಹಾಡು ಕೇಳುವುದೂ ಆಲ್ಬಮ್ಮಿನ ಲೆಕ್ಕಕ್ಕೆ ಸೇರಿದೆ: ಅದರ ಹಾಡುಗಳನ್ನು ೧,೫೦೦ ಸಲ ನುಡಿಸಿದರೆ ಒಂದು ಆಲ್ಬಮ್ ಮಾರಿದಂತೆ. ವರ್ತಕರ ಸಂಘವೇ ವರ್ತಕರ ಸರಕನ್ನು ತೂಗುವ ಇಕ್ಕಟ್ಟು ಇಂದಿಗೂ ಉಂಟು. ಆದರೆ ನಿಯಮ ಹತ್ತು ಜನರ ಕಣ್ಣಮುಂದಿರುವುದರಿಂದ, ತೂಕ ತಪ್ಪಿದಾಗ ಕೇಳುವುದಕ್ಕೆ ಎಡೆಯುಂಟು. ಅಂದು ಅಂಗಡಿಯ ಬಾಗಿಲಲ್ಲೇ ನಿಲ್ಲುತ್ತಿದ್ದ ಎಣಿಕೆ ಇಂದು ಕೇಳುವವರ ಮನೆಯೊಳಕ್ಕೂ ಬಂದಿದೆ.