ಶಾಲೆ ಬಿಟ್ಟ ಮೇಲಿನ ಪಾಠ: ಬಡ ಮಕ್ಕಳಿಗೆ ಸರ್ಕಾರದ ನೆರವು ಬರುವ ದಾರಿಗಳು

ಸಂಜೆ ಶಾಲೆ ಬಿಟ್ಟ ನಂತರ ಮಗುವಿಗೆ ಪಾಠದಲ್ಲಿ ನೆರವು ಸಿಗುವುದು ಇಂದು ಬಹುಮಟ್ಟಿಗೆ ಮನೆಯವರ ಆರ್ಥಿಕ ಸ್ಥಿತಿಯನ್ನು ಅವಲಂಬಿಸಿದೆ. ಕೇಂದ್ರ ಸರ್ಕಾರದ 2025ರ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಶೇ 27ರಷ್ಟು ವಿದ್ಯಾರ್ಥಿಗಳು ಖಾಸಗಿ ಟ್ಯೂಷನ್ ಪಡೆಯುತ್ತಾರೆ. ನಗರಗಳಲ್ಲಿ ಈ ಪ್ರಮಾಣ ಶೇ 30.7, ಗ್ರಾಮಾಂತರದಲ್ಲಿ ಶೇ 25.5. ಶುಲ್ಕ ಕಟ್ಟಲಾಗದ ಮನೆಯ ಮಗು ಲೆಕ್ಕದಲ್ಲೋ ಇಂಗ್ಲಿಷಿನಲ್ಲೋ ಹಿಂದೆ ಬಿದ್ದರೆ ಯಾರು ಹೇಳಿಕೊಡಬೇಕು? ಕಾನೂನಿನಲ್ಲಿ ಇದಕ್ಕೆ ಉತ್ತರವಿದೆ. ಆದರೆ ಪೋಷಕರು ಕೇಳಿದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಕಾನೂನು ಏನು ಹೇಳುತ್ತದೆ?

2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2010ರ ಏಪ್ರಿಲ್ 1ರಂದು ಜಾರಿಗೆ ಬಂತು. 6ರಿಂದ 14 ವರ್ಷದ ಮಕ್ಕಳಿಗೆ ಇದು ಅನ್ವಯಿಸುತ್ತದೆ. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದರೆ ಹೆಚ್ಚುವರಿ ಪಾಠ ಹೇಳಿಕೊಡುವುದು ಶಿಕ್ಷಕರ ಕರ್ತವ್ಯ ಎಂದು ಇದರ 24ನೇ ಕಲಂ ಹೇಳುತ್ತದೆ. 28ನೇ ಕಲಂ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ಅರ್ಥ ಸ್ಪಷ್ಟ: ಹಿಂದುಳಿದ ಮಗುವಿಗೆ ಶಾಲೆಯಲ್ಲೇ ಉಚಿತವಾಗಿ ಹೇಳಿಕೊಡುವುದು ಶಿಕ್ಷಕರು ತೋರಿಸುವ ಔದಾರ್ಯವಲ್ಲ, ಅವರ ಕೆಲಸದ ಭಾಗ.

ಹಣ ಎಲ್ಲಿಂದ?

ಸರ್ಕಾರಿ ಶಾಲೆಗಳಿಗೆ ಮುಖ್ಯ ಮೂಲ 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆ. ಕರ್ನಾಟಕದಲ್ಲಿ ಇದರ ವೆಚ್ಚದ ಶೇ 60 ಕೇಂದ್ರದ್ದು, ಶೇ 40 ರಾಜ್ಯದ್ದು. ಕಲಿಕೆಯಲ್ಲಿ ಹಿಂದುಳಿದವರಿಗೆ ನಡೆಸುವ ಪರಿಹಾರ ಬೋಧನೆಯೂ ಇದರ ವ್ಯಾಪ್ತಿಯಲ್ಲಿದೆ.

ಶಾಲೆಯ ಬೇಡಿಕೆ ಮೇಲಕ್ಕೆ ಹೋಗುವ ದಾರಿ 'ಶಾಲಾ ಅಭಿವೃದ್ಧಿ ಯೋಜನೆ'. ಕಾಯ್ದೆಯ 22ನೇ ಕಲಂ ಪ್ರಕಾರ ಸರ್ಕಾರ ಕೊಡುವ ಅನುದಾನಕ್ಕೆ ಈ ಯೋಜನೆಯೇ ಆಧಾರ. ಇದನ್ನು ಸಿದ್ಧಪಡಿಸುವುದು ಶಾಲಾ ಆಡಳಿತ ಸಮಿತಿ, ನಮ್ಮಲ್ಲಿ ಎಸ್‌ಡಿಎಂಸಿ. ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಬಡ ಮತ್ತು ಹಿಂದುಳಿದ ಮಕ್ಕಳ ಪೋಷಕರಿಗೂ ಅವರ ಸಂಖ್ಯೆಗೆ ತಕ್ಕ ಸ್ಥಾನ ಇರಬೇಕು. ಯೋಜನೆಯಲ್ಲಿ ಕಾಂಪೌಂಡು, ಶೌಚಾಲಯ, ಬೆಂಚು ಮಾತ್ರ ಬರೆದು ಸಂಜೆ ಪಾಠವನ್ನು ಬಿಟ್ಟರೆ, ಅದಕ್ಕೆ ಹಣ ಕೇಳಲು ಆಧಾರವೇ ಇರುವುದಿಲ್ಲ.

ಊರಿನ ಗ್ರಂಥಾಲಯ

ಗ್ರಾಮ ಪಂಚಾಯಿತಿ ಗ್ರಂಥಾಲಯವೂ ಸಾರ್ವಜನಿಕ ಹಣದಿಂದ ನಡೆಯುವ ಕಲಿಕೆಯ ಜಾಗ. 2020ರಲ್ಲಿ ರಾಜ್ಯ ಸರ್ಕಾರ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲು ಆರಂಭಿಸಿತು. ಮನೆಯಲ್ಲಿ ಓದಲು ಜಾಗವಿಲ್ಲದ ಮಗುವಿಗೆ ಸಂಜೆ ಎರಡು ಗಂಟೆ ಬೆಳಕು, ಮೇಜು, ಪುಸ್ತಕ ಸಿಗುವುದು ದೊಡ್ಡ ಅನುಕೂಲ. ಗ್ರಂಥಾಲಯ ಸಂಜೆ ತೆರೆದಿರುತ್ತದೆಯೇ ಎಂಬುದನ್ನು ಮಕ್ಕಳ ಗ್ರಾಮಸಭೆಯಲ್ಲಿ ಕೇಳಬಹುದು.

ವಿದ್ಯಾರ್ಥಿವೇತನ ಇದಕ್ಕೆ ಬದಲಿಯೇ?

2014ರ ಜನವರಿ 27ರಂದು ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತ ಮಾನ್ಯತೆ ದೊರೆತ ಮೇಲೆ ನಮ್ಮಲ್ಲಿ ಹಲವರು ಸರ್ಕಾರದ ನೆರವೆಂದರೆ ವಿದ್ಯಾರ್ಥಿವೇತನ ಎಂದೇ ತಿಳಿದಿದ್ದಾರೆ. ಆದರೆ ಅಲ್ಪಸಂಖ್ಯಾತರ ಮೆಟ್ರಿಕ್‌ ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರವು 2022-23ರಲ್ಲಿ 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಿತು. 8ನೇ ತರಗತಿವರೆಗೆ ಆರ್‌ಟಿಇ ಅಡಿ ಉಚಿತ ಶಿಕ್ಷಣ ಇದೆ ಎಂಬುದು ಕೊಟ್ಟ ಕಾರಣ. ಹಾಗಿದ್ದರೆ ಆ ಕಾಯ್ದೆ ಕೊಡುವ ಹೆಚ್ಚುವರಿ ಪಾಠವನ್ನೂ ಕೇಳಿ ಪಡೆಯುವುದು ನ್ಯಾಯ.

ಸಮಾಜದ ಶಾಲೆಗಳ ಹೊಣೆ

2014ರ ಮೇ 6ರ ಪ್ರಮತಿ ಟ್ರಸ್ಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಲ್ಪಸಂಖ್ಯಾತ ಶಾಲೆಗಳಿಗೆ, ಅನುದಾನಿತವಾಗಿದ್ದರೂ, ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ಮುಖ್ಯ ನ್ಯಾಯಮೂರ್ತಿಯವರ ಮುಂದಿಡುವಂತೆ ಸೂಚಿಸಿತು. ಅದು ಏನೇ ಆಗಲಿ, ಸಂಜೆ ಖಾಲಿ ಇರುವ ಕೊಠಡಿಗಳನ್ನು ಊರಿನ ಬಡ ಮಕ್ಕಳಿಗೆ ತೆರೆಯಲು ನಮ್ಮ ಸಂಸ್ಥೆಗಳು ನ್ಯಾಯಾಲಯದ ಆದೇಶಕ್ಕಾಗಿ ಕಾಯಬೇಕಿಲ್ಲ.

ಪೋಷಕರು ಮಾಡಬಹುದಾದದ್ದು

1. ಎಸ್‌ಡಿಎಂಸಿ ಸಭೆಗೆ ತಪ್ಪದೆ ಹೋಗಿ. ಯಾವ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಯಾವ ವಿಷಯದಲ್ಲಿ ನೆರವು ಬೇಕು ಎಂದು ಕೇಳಿ.
2. ಆ ಸಂಖ್ಯೆ ಮತ್ತು ಬೇಡಿಕೆಯನ್ನು ಆರ್ಥಿಕ ವರ್ಷ ಮುಗಿಯುವ ಮೊದಲೇ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಬರೆಸಿ.
3. ಸಭೆಯ ನಡಾವಳಿಯ ಪ್ರತಿ ಇಟ್ಟುಕೊಳ್ಳಿ.
4. ನಿಮ್ಮ ಮಗು ಖಾಸಗಿ ಶಾಲೆಯಲ್ಲಿದ್ದರೂ, ಮನೆಗೆಲಸಕ್ಕೆ ಬರುವ ಅಕ್ಕನ ಮಗುವಿಗೆ, ತೋಟದ ಕೆಲಸದವರ ಮಗುವಿಗೆ ಈ ಮಾಹಿತಿ ತಲುಪಿಸಿ. ಇದರ ಅಗತ್ಯ ಹೆಚ್ಚಾಗಿರುವುದು ಅವರಿಗೇ.