ತಬಲಾ ಅಂಗಡಿಯ ಹಿಂದಿನ ಖೋಲಿ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಮನೆಗೆ ಬಂದಾಗ ಒಂದು ಇಂಗ್ಲಿಷ್ ಪುಸ್ತಕ ತಂದುಕೊಟ್ಟ. ಟಿ. ಎಂ. ಕೃಷ್ಣ ಅವರು 2020ರಲ್ಲಿ ಪ್ರಕಟಿಸಿದ ‘ಸೆಬಾಸ್ಟಿಯನ್ ಅಂಡ್ ಸನ್ಸ್’. ಮೃದಂಗ ನುಡಿಸುವವರ ಬಗೆಗಲ್ಲ, ಮೃದಂಗ ಕಟ್ಟುವವರ ಬಗೆಗೆ ಬರೆದ ಚರಿತ್ರೆ ಅದು. ಪಾಲ್ಘಾಟ್ ಮಣಿ ಅಯ್ಯರ್ ಅವರ ಹೆಸರನ್ನು ಕೇಳದ ಸಂಗೀತಪ್ರೇಮಿಗಳಿಲ್ಲ. ಅವರಿಗೆ ಮೃದಂಗ ಕಟ್ಟಿಕೊಡುತ್ತಿದ್ದ ಪರ್ಲಾಂದು ಎಂಬವರ ಹೆಸರನ್ನು ನಾನು ಕೇಳಿದ್ದು ಆ ಪುಸ್ತಕದಲ್ಲಿಯೇ. ಓದಿ ಮುಗಿಸಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಒಂದು ಖೋಲಿ, ಅಲ್ಲಿಯ ತೊಗಲಿನ ವಾಸನೆ, ಒಬ್ಬರ ಮುಖ ಇವೆಲ್ಲ ಕಣ್ಣ ಮುಂದೆ ಬಂದವು. ಅದನ್ನು ಬರೆದಿಡಬೇಕೆಂದು ಕುಳಿತಿದ್ದೇನೆ.

ನಮ್ಮ ಊರು ಕುಂದಗೋಳ ತಾಲೂಕಿನ ಒಂದು ಸಣ್ಣ ಹಳ್ಳಿ. ಕುಂದಗೋಳವೆಂದರೆ ಸಂಗೀತದ ಊರು. ಸ್ವಾತಂತ್ರ್ಯದ ಮೊದಲು ಈ ಭಾಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸುತ್ತಲೂ ಬ್ರಿಟಿಷ್ ಮುಂಬಯಿ ಪ್ರಾಂತ, ನಡುವೆ ನಡುಗಡ್ಡೆಯಂತೆ ಸಂಸ್ಥಾನದ ನೆಲ. ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರು ಅಬ್ದುಲ್ ಕರೀಂ ಖಾನ್ ಸಾಹೇಬರ ಶಿಷ್ಯರಾಗಿ, ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಕೀರ್ತಿ ಗಳಿಸಿ, ಕೊನೆಗೆ ಕುಂದಗೋಳಕ್ಕೇ ಬಂದು ನೆಲೆಸಿದರು. ನಾಡಿಗೇರ ವಾಡೆ ಆ ಪರಂಪರೆಯ ಆಶ್ರಯಸ್ಥಾನ. ಭೀಮಸೇನ ಜೋಶಿಯವರು ಹುಡುಗರಾಗಿದ್ದಾಗ ಅಲ್ಲಿ ಗುರುಗಳ ಮನೆಯಲ್ಲಿದ್ದು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ರಾತ್ರಿ ಹಿಂತಿರುಗುತ್ತಿದ್ದರು. ಇದೇ ತಾಲೂಕಿನ ಯಲಿವಾಳದಲ್ಲಿ 1920ರಲ್ಲಿ ಹುಟ್ಟಿದ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತು ಬೆಳೆದವರು. ಇವೆಲ್ಲ ಓದುಗರಿಗೆ ಗೊತ್ತಿರುವ ಸಂಗತಿಗಳು, ವಿಸ್ತರಿಸುವುದಿಲ್ಲ.

ನನಗೆ ತಬಲಾದ ಹುಚ್ಚು ಹತ್ತಿದ್ದು ದೊಡ್ಡ ಗವಾಯಿಗಳಿಂದಲ್ಲ. ನಮ್ಮೂರಿನ ಭಜನೆಯಿಂದ, ಸುಗ್ಗಿಯ ನಂತರ ಬರುತ್ತಿದ್ದ ಶ್ರೀಕೃಷ್ಣ ಪಾರಿಜಾತದ ಮೇಳದಿಂದ. ಹಾರ್ಮೋನಿಯಂ ಮತ್ತು ತಬಲಾ ಜೋಡಿಯಾಗಿ ಎದ್ದರೆ ಬೆಳಗಿನವರೆಗೆ ನಾನು ಕಟ್ಟೆ ಬಿಟ್ಟು ಕದಲುತ್ತಿರಲಿಲ್ಲ. ಹೋಳಿಯಲ್ಲಿ ಬಾರಿಸುವ ಜಗ್ಗಲಿಗೆಯನ್ನೂ ಬಲ್ಲೆ. ಬಂಡಿಯ ಗಾಲಿಯ ಕಬ್ಬಿಣದ ಹಳಿಗೆ ತೊಗಲು ಬಿಗಿದು ಮಾಡುವ ಆ ದೊಡ್ಡ ವಾದ್ಯದ ಸದ್ದು ಎದೆಯೊಳಗೆ ಇಳಿಯುವಂಥದ್ದು. ಹೀಗೆ ಕೇಳಿ ಕೇಳಿ, ಬಡಿದು ಬಡಿದು, ಹದಿನಾರನೆಯ ವಯಸ್ಸಿಗೆ ನಾನು ಊರಿನ ಭಜನಾ ಮೇಳದ ತಬಲಾಜಿಯಾಗಿದ್ದೆ. ಕೈ ಸಾಕಷ್ಟು ಚುರುಕಾಗಿತ್ತು. ಅದಕ್ಕಿಂತ ಗರ್ವ ಹೆಚ್ಚಾಗಿತ್ತು.

1967ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಯಿತು. ಮುಂದೆ ಓದಿಸುವ ಶಕ್ತಿ ಮನೆಯಲ್ಲಿರಲಿಲ್ಲ. ತಂದೆಯವರ ಪರಿಚಯದವರೊಬ್ಬರು ಹುಬ್ಬಳ್ಳಿಯಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದರು. ಅಲ್ಲಿ ಕೆಲಸಕ್ಕೆ ಸೇರಿದೆ. ಗಂಗೂಬಾಯಿಯವರು ಸಂಗೀತಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಬರುತ್ತಿದ್ದ ಅದೇ ಮೀಟರ್‌ಗೇಜ್ ಹಳಿಯ ಮೇಲೆ ನಾನು ಸಂಬಳಕ್ಕಾಗಿ ಕುಂದಗೋಳದಿಂದ ಹುಬ್ಬಳ್ಳಿಗೆ ಹೋಗತೊಡಗಿದೆ. ಎರಡೂವರೆ ವರ್ಷ ಅಲ್ಲಿದ್ದೆ.

ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುತ್ತಿದ್ದುದು ಹಾರ್ಮೋನಿಯಂ. ಈ ವಾದ್ಯ 1842ರಲ್ಲಿ ಪ್ಯಾರಿಸ್ಸಿನ ದೆಬೆನ್ ಎಂಬಾತ ಹಕ್ಕು ಪಡೆದ ಕಾಲುಪೆಟ್ಟಿಗೆ. ಕಲಕತ್ತೆಯ ದ್ವಾರಕಾನಾಥ ಘೋಷರಂಥವರ ಕೈಯಲ್ಲಿ ಅದು ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯಾಯಿತು. ಮೀಂಡಿಗೆ ಒದಗದ, ಶ್ರುತಿ ಸೂಕ್ಷ್ಮವಿಲ್ಲದ ಪರದೇಶಿ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರ ಜನವರಿ 8ರಂದು. ಎಂದರೆ ನಮ್ಮ ಸೀಮೆಯ ಬಾನುಲಿ ಹಾರ್ಮೋನಿಯಂ ಇಲ್ಲದೆಯೇ ಹುಟ್ಟಿತು. ಹಳ್ಳಿಗಳು ಮಾತ್ರ ಈ ನಿಷೇಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನವಲಗುಂದ, ಅಣ್ಣಿಗೇರಿ, ಕಲಘಟಗಿ ಕಡೆಯ ಭಜನಾ ಮೇಳದವರು ಹತ್ತಿ ಮಾರಿದ ದುಡ್ಡನ್ನು ಧೋತರದ ಅಂಚಿಗೆ ಕಟ್ಟಿಕೊಂಡು ಬಂದು ಪೆಟ್ಟಿಗೆ ಒಯ್ಯುತ್ತಿದ್ದರು. ಒಯ್ಯುವ ಮೊದಲು ಅಂಗಡಿಯಲ್ಲಿಯೇ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು. ತಬಲಾಕ್ಕೂ ಹಾಗೆಯೇ ಪೂಜೆ.

ಮುಂದಿನ ಖೋಲಿಯಲ್ಲಿ ಗಾದಿ, ಗಾಜಿನ ಕಪಾಟು, ಸರಸ್ವತಿಯ ಪಟ. ನಾನು ಅಲ್ಲಿ ಕುಳಿತು ಗಿರಾಕಿಗಳಿಗೆ ತಬಲಾ ನುಡಿಸಿ ತೋರಿಸಬೇಕು. ಹಿಂದೆ ಒಂದು ಕತ್ತಲು ಖೋಲಿ. ಅದಕ್ಕೆ ಓಣಿಯ ಕಡೆಯಿಂದ ಬೇರೆ ಬಾಗಿಲು. ಅಲ್ಲಿ ತಬಲಾ ಕಟ್ಟುವವರು ಒಬ್ಬರಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ತೊಗಲಿನ ಕಸುಬಿನ ಮನೆಯವರು. ಅವರ ತಂದೆ ಒಕ್ಕಲುತನದ ಮನೆಗಳಿಗೆ ಬಾರುಕೋಲು, ಮಿಣಿ, ಕೆರ ಮಾಡಿಕೊಟ್ಟು ಕಣದಲ್ಲಿ ಕಾಳು ಪಡೆಯುತ್ತಿದ್ದರಂತೆ. ಅದು ಹೊಟ್ಟೆಗೆ ಸಾಲದಾದಾಗ ಇವರು ಹುಡುಗರಾಗಿರುವಾಗಲೇ ಮಿರಜಿಗೆ ಹೋದರು. ಮಿರಜ ತಂಬೂರಿ, ಸಿತಾರಗಳ ಊರು. ಅಲ್ಲಿಯ ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಅಲ್ಲಿ ಕಾಕಾ ತಬಲಾ ಕಟ್ಟುವುದನ್ನು ಕಲಿತು ಬಂದಿದ್ದರು.

ತಬಲಾದ ಬಾಯಿಗೆ ಹೊದಿಸುವ ಚರ್ಮದ ಹೊದಿಕೆಗೆ ಈ ಕಸುಬಿನಲ್ಲಿ ‘ಪುಡಿ’ ಎನ್ನುತ್ತಾರೆ. ಆಡಿನ ತೊಗಲನ್ನು ನೆನೆಹಾಕಿ, ಕೂದಲು ತೆಗೆದು, ಹದಮಾಡಿ ಎರಡು ಪದರವಾಗಿ ಹೊಂದಿಸಬೇಕು. ಮೇಲಿನ ಪದರದ ನಡುಭಾಗ ಕತ್ತರಿಸಿದರೆ ಅಂಚಿನಲ್ಲಿ ಉಳಿಯುವುದು ಚಾಟಿ. ಸುತ್ತಲೂ ತೊಗಲಿನ ಎಳೆಗಳನ್ನು ಹೆಣೆದ ಗಜರಾ. ಅದರ ಹದಿನಾರು ಮನೆಗಳಲ್ಲಿ ವಾದಿ ಎಂಬ ತೊಗಲಿನ ಪಟ್ಟಿಯನ್ನು ಪೋಣಿಸಿ ಕೆಳಗಿನ ಬಳೆಗೆ ಎಳೆದು ಬಿಗಿಯಬೇಕು. ಇಷ್ಟಾದ ಮೇಲೆ ನಡುವಿನ ಕಪ್ಪು ಶಾಯಿ. ಕಬ್ಬಿಣದ ಕಿಟ್ಟವನ್ನು ನುಣ್ಣಗೆ ಅರೆದು ಗಂಜಿಯ ಅಂಟಿನಲ್ಲಿ ಕಲಸಿ, ಬೆರಳಿನಿಂದ ತೆಳ್ಳಗೆ ಸವರಿ, ನುಣುಪಾದ ಕರಿಗಲ್ಲಿನಿಂದ ಒಣಗುವವರೆಗೆ ತಿಕ್ಕುವುದು. ಮತ್ತೆ ಸವರುವುದು, ಮತ್ತೆ ತಿಕ್ಕುವುದು. ಪ್ರತಿ ಸುತ್ತಿಗೂ ವರ್ತುಲ ಕಿರಿದಾಗುತ್ತ ಹೋಗಿ ನಡುವೆ ದಪ್ಪವಾಗುತ್ತದೆ. ತಿಕ್ಕಿದ ಹಾಗೆ ಶಾಯಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಮೂಡುತ್ತವೆ. ಆ ಬಿರುಕುಗಳಿಲ್ಲದಿದ್ದರೆ ತೊಗಲು ಬಿಡುವಾಗಿ ಅಲುಗಲಾರದು, ನಾದ ಸತ್ತುಹೋಗುತ್ತದೆ.

ಒಂದು ದಿನ ನಾನು ಹಿಂದಿನ ಖೋಲಿಗೆ ಹೋಗಿ, ಹಸಿಯಾಗಿದ್ದ ಪುಡಿಯ ಮೇಲೆ ಬೆರಳು ಬಾರಿಸಲು ಹೋದೆ.

“ತಮ್ಮಾ, ಕೈ ಹಚ್ಚಬ್ಯಾಡ. ಮೊದಲ ಕಿವಿ ಹಚ್ಚು,” ಎಂದರು ಕಾಕಾ.

ನಾನು ನಿಜವಾಗಿ ಕಲಿಯಲು ತೊಡಗಿದ್ದು ಆ ದಿನದಿಂದ. ಗಜರಾದ ಮೇಲಿನಿಂದ ಹೊಡೆದರೆ ಸ್ವರ ಏರುತ್ತದೆ, ಕೆಳಗಿನಿಂದ ಹೊಡೆದರೆ ಇಳಿಯುತ್ತದೆ ಎಂಬುದನ್ನು ಯಾರಾದರೂ ಹೇಳಿಕೊಟ್ಟಾರು. ಹದಿನಾರು ಮನೆಗಳಲ್ಲಿ ಯಾವುದು ಕೂದಲೆಳೆಯಷ್ಟು ಇಳಿದಿದೆ ಎಂದು ಕೇಳಿಸಿಕೊಳ್ಳುವ ಕಿವಿಯನ್ನು ಅವರು ನನಗೆ ತಿಂಗಳುಗಟ್ಟಲೆ ಕೂಡಿಸಿಕೊಂಡು ಮಾಡಿಕೊಟ್ಟರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ.

ಮುಂದೆ ನಾನು ವಿಜ್ಞಾನದ ಮೇಷ್ಟ್ರಾಗಿ ಶಬ್ದದ ಪಾಠ ಮಾಡುವಾಗ ಸಿ. ವಿ. ರಾಮನ್ನರ ಸಂಶೋಧನೆಯನ್ನು ತಿಳಿದುಕೊಂಡೆ. ಬರಿಯ ತೊಗಲಿನ ವರ್ತುಲವನ್ನು ಬಾರಿಸಿದರೆ ಮೂಲ ಕಂಪನದ ಮೇಲೆ ಏಳುವ ಕಂಪನಗಳು ಅದರ 1.59, 2.14, 2.30 ಪಟ್ಟು ಎಂಬಂತೆ ಅಡ್ಡಾದಿಡ್ಡಿಯಾಗಿರುತ್ತವೆ. ಆದ್ದರಿಂದ ಸಾಮಾನ್ಯ ಚರ್ಮವಾದ್ಯದಲ್ಲಿ ಸದ್ದಿರುತ್ತದೆ, ಸ್ಪಷ್ಟ ಸ್ವರವಿರುವುದಿಲ್ಲ. ನಡುವೆ ತಕ್ಕ ಪ್ರಮಾಣದಲ್ಲಿ ಭಾರ ಕೂಡಿಸಿದರೆ ಆ ಕಂಪನಗಳು ಎರಡು, ಮೂರು, ನಾಲ್ಕು, ಐದು ಪಟ್ಟುಗಳ ಕ್ರಮಕ್ಕೆ ಬರುತ್ತವೆ. ಮೃದಂಗ, ತಬಲಾಗಳ ಈ ವಿಶೇಷವನ್ನು ರಾಮನ್ನರು ಶಿವಕಾಳಿ ಕುಮಾರರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. 1934ರಲ್ಲಿ ಇನ್ನೂ ವಿಸ್ತಾರವಾಗಿ, ಒಂಬತ್ತು ಬಗೆಯ ಕಂಪನಗಳು ಐದು ಸ್ವರಗಳಲ್ಲಿ ಕೂಡಿಕೊಳ್ಳುವುದನ್ನು ತೋರಿಸಿದರು. ಆ ಭಾರವೇ ಶಾಯಿ. ಅದನ್ನು ಮೊದಲು ಹದವರಿತು ಸವರಿದವರು ಯಾವ ಲೆಕ್ಕವನ್ನೂ ಬರೆದಿಟ್ಟವರಲ್ಲ. ತರಗತಿಯಲ್ಲಿ ತಬಲಾ ಇಟ್ಟುಕೊಂಡು ಈ ಪಾಠ ಮಾಡಿದಾಗಲೆಲ್ಲ ಫಲಕದ ಮೇಲೆ ರಾಮನ್ನರ ಹೆಸರು ಬರೆದಿದ್ದೇನೆ.

ಕಾಕಾ ನೀರು ಕುಡಿಯಲು ಹಿಂದಿನ ಖೋಲಿಯ ಗೂಟಕ್ಕೆ ಒಂದು ಡಬರಿ ತೂಗಹಾಕಿದ್ದರು. ಮುಂದಿನ ಗಡಿಗೆಯನ್ನು ಅವರು ಮುಟ್ಟುತ್ತಿರಲಿಲ್ಲ. ನಾನೇ ಮೇಲಿನಿಂದ ನೀರು ಸುರಿಯುತ್ತಿದ್ದೆ. ಅಸ್ಪೃಶ್ಯತಾ ಅಪರಾಧಗಳ ಕಾಯಿದೆ 1955ರಲ್ಲಿಯೇ ಬಂದಿತ್ತು. ಅವರು ಬೆರಳಿನಿಂದ ಸವರಿದ ಶಾಯಿಗೆ ಗಿರಾಕಿಗಳು ಹಣೆ ಹಚ್ಚಿ ನಮಸ್ಕರಿಸುತ್ತಿದ್ದರು. ಆಗ ಇದರಲ್ಲಿ ನನಗೆ ವಿಚಿತ್ರವೇನೂ ಕಂಡಿರಲಿಲ್ಲ. ಸುಳ್ಳು ಹೇಳಿ ಪ್ರಯೋಜನವಿಲ್ಲ.

ಇನ್ನು ಒಂದು ರಾತ್ರಿಯ ವಿಷಯ. 1969ರ ಮಳೆಗಾಲ. ನಮ್ಮ ಜಿಲ್ಲೆಯ ಒಂದು ಊರಿನಲ್ಲಿ ಅಹೋರಾತ್ರಿ ಸಂಗೀತ ಸಭೆ. ಊರ ಹೆಸರು, ಗವಾಯಿಗಳ ಹೆಸರು ಬೇಡ. ಮಳೆಗಾಲದ ತೇವಕ್ಕೆ ತೊಗಲು ಸಡಿಲುವುದರಿಂದ ಮಾಲಕರು ಕಾಕಾನನ್ನೂ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕಾಕಾ ಹೊರಗೆ ಜಗಲಿಯ ತುದಿಯಲ್ಲಿ ಗೋಣಿತಟ್ಟು ಹೊದ್ದು ಕುಳಿತರು. ನಡುರಾತ್ರಿ ಮೀರಿದ ಮೇಲೆ, ಮುಖ್ಯ ಗವಾಯಿಗಳು ಕೂಡುವ ಹೊತ್ತಿಗೆ ಸರಿಯಾಗಿ, ಸಾಥಿದಾರರ ತಬಲಾದ ವಾದಿ ಹರಿಯಿತು. ನಾನು ಅದನ್ನು ಹೊರಗೆ ತಂದೆ. ಪೆಟ್ರೋಮ್ಯಾಕ್ಸಿನ ಬೆಳಕಿನಲ್ಲಿ ಕಾಕಾ ಹರಿದಲ್ಲಿ ಹೊಸ ಪಟ್ಟಿ ಜೋಡಿಸಿ, ಕಾಲಿನಿಂದ ಒತ್ತಿ ಹಿಡಿದು ಎಳೆದು, ಗಟ್ಟೆಗಳನ್ನು ತಟ್ಟಿ ಕೂಡಿಸಿದರು. ಒಳಗೆ ತಂಬೂರಿ ಮಿಡಿಯುತ್ತಲೇ ಇತ್ತು. ಕಿಟಕಿಯಿಂದ ಬರುತ್ತಿದ್ದ ಆ ಷಡ್ಜಕ್ಕೆ ಕಿವಿಯಿಟ್ಟು, ಮಳೆಯ ಸದ್ದಿನ ನಡುವೆ, ಒಂದೊಂದೇ ಮನೆ ಹೊಂದಿಸುತ್ತ ಹೋದರು. ಅರ್ಧ ತಾಸು ಹಿಡಿದಿರಬಹುದು.

ನಾನು ಒಳಗೆ ಒಯ್ದು ಇಟ್ಟೆ. ಸಾಥಿದಾರರು ಒಂದು ಬೆರಳು ಆಡಿಸಿದರು. ಗವಾಯಿಗಳು ಕಣ್ಣು ತೆರೆದು “ವಾಹ್! ಯಾರು ಸುರ್ ಹಚ್ಚಿದವರು?” ಎಂದು ಕೇಳಿದರು.

ಮಾಲಕರು ನನ್ನ ಬೆನ್ನ ಮೇಲೆ ಕೈಯಿಟ್ಟು “ನಮ್ಮ ಹುಡುಗರೀ ಬುವಾ,” ಎಂದರು.

ಸಭೆಯಲ್ಲಿ ಎಲ್ಲರೂ ನನ್ನತ್ತ ನೋಡಿದರು. ನಾನು ಬಗ್ಗಿ ನಮಸ್ಕಾರ ಮಾಡಿದೆ. ಗವಾಯಿಗಳು ಹತ್ತು ರೂಪಾಯಿಯ ನೋಟು ಕೊಟ್ಟರು. ಬಾಗಿಲು ತೆರೆದೇ ಇತ್ತು. ಕಾಕಾ ಕುಳಿತ ಜಾಗ ಅಲ್ಲಿಂದ ಹತ್ತು ಹೆಜ್ಜೆ.

ಬೆಳಗಿನ ಬಸ್ಸಿನಲ್ಲಿ ನಾನು ಆ ನೋಟನ್ನು ಅವರ ಮುಂದೆ ಹಿಡಿದೆ. “ನಿನ್ನ ಹೆಸರಿಲೆ ಬಂದೈತಿ, ನೀನ ಇಟ್ಕೋ. ನನ್ನ ಕೂಲಿ ನನಗ ಬರತೈತಿ,” ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ನೋಟನ್ನು ಜೇಬಿನಲ್ಲಿಟ್ಟುಕೊಂಡೆ. ಮರುದಿನವೂ ಅವರು ಎಂದಿನಂತೆ ನನ್ನನ್ನು ಕೂಡಿಸಿಕೊಂಡು ಹೇಳಿಕೊಟ್ಟರು. ಅದೇ ನನಗೆ ಇಂದಿಗೂ ಸಹಿಸಲು ಕಷ್ಟವಾಗುವ ಸಂಗತಿ.

ಸಂಗೀತ ಜಾತಿಯನ್ನು ಮೀರಿಸುತ್ತದೆ ಎಂದು ನಮ್ಮಲ್ಲಿ ಭಾಷಣಗಳಲ್ಲಿ ಹೇಳುವುದುಂಟು. ಖಾನ್ ಸಾಹೇಬರು ರಾಮಭಾವುಗಳಿಗೆ ಕಲಿಸಿದ್ದು, ರಾಮಭಾವುಗಳು ಗಂಗೂಬಾಯಿಯವರಿಗೆ ಕಲಿಸಿದ್ದು ಇದಕ್ಕೆ ಒಳ್ಳೆಯ ನಿದರ್ಶನಗಳೇ, ನಾನು ಅಲ್ಲಗಳೆಯುವುದಿಲ್ಲ. ಗಂಗೂಬಾಯಿಯವರೇ ಬಾಲ್ಯದಲ್ಲಿ ಧಾರವಾಡದಲ್ಲಿ ಅನುಭವಿಸಿದ ಜಾತಿಯ ಚುಚ್ಚುಮಾತುಗಳನ್ನು ನೆನಪಿಸಿಕೊಂಡಿದ್ದಾರೆ. ಆದರೆ ಹಾಡುವವರು ದಾಟಿದ ಹೊಸ್ತಿಲನ್ನು ವಾದ್ಯ ಕಟ್ಟುವವರೂ ದಾಟಿದರೆಂದು ನಾವು ಸುಲಭವಾಗಿ ಭಾವಿಸಿಬಿಡುತ್ತೇವೆ. ನಾನು ಕಂಡ ಆ ಮನೆಯಲ್ಲಿ ತಬಲಾ ದಾಟಿತು, ಕಟ್ಟಿದವರು ದಾಟಲಿಲ್ಲ.

1970ರಲ್ಲಿ ಕಾಲೇಜಿಗೆ ಸೇರಲು ಅಂಗಡಿ ಬಿಟ್ಟೆ. 2009ರ ಜುಲೈಯಲ್ಲಿ ಗಂಗೂಬಾಯಿಯವರು ತೀರಿಕೊಂಡಾಗ ಹುಬ್ಬಳ್ಳಿಗೆ ಹೋಗಿದ್ದೆ. ಅಂತಿಮ ದರ್ಶನ ಮುಗಿಸಿ ಆ ಓಣಿಗೂ ಹೋದೆ. ಅಂಗಡಿಯ ಜಾಗದಲ್ಲಿ ಮೊಬೈಲ್ ಮಾರುತ್ತಿದ್ದರು. ಹಿಂದಿನ ಓಣಿಯ ಬಾಗಿಲಿಗೆ ಇಟ್ಟಿಗೆ ಕಟ್ಟಿ ಗಿಲಾವು ಮಾಡಿದ್ದರು. ಕಾಕಾನ ವಿಷಯ ಕೇಳೋಣವೆಂದರೆ ಯಾವ ಹೆಸರು ಹಿಡಿದು ಕೇಳಬೇಕೆಂದು ನನಗೆ ತಿಳಿಯಲಿಲ್ಲ. ಅಂಗಡಿಯ ಹಾಜರಿ ಪುಸ್ತಕವನ್ನು ಎರಡೂವರೆ ವರ್ಷ ಬರೆದವನು ನಾನೇ. ಅದರಲ್ಲಿ ನನ್ನ ಹೆಸರಿತ್ತು. ಕಾಕಾನದು ಪುಡಿಯ ಲೆಕ್ಕದ ಕೂಲಿಯಾದ್ದರಿಂದ ಅವರ ಹೆಸರು ಬರೆಯುವ ಪ್ರಸಂಗ ಬರಲಿಲ್ಲ; ಖರ್ಚಿನ ಪುಟದಲ್ಲಿ ‘ಪುಡಿ ನಾಲ್ಕು’, ‘ಪುಡಿ ಆರು’ ಎಂದು ಬರೆಯುತ್ತಿದ್ದೆ.

ನಾನು ಅಂಗಡಿ ಬಿಡುವಾಗ ಅವರು ಒಂದು ಜೋಡಿ ತಬಲಾ ಕಟ್ಟಿಕೊಟ್ಟಿದ್ದರು. ಅದು ಈಗಲೂ ನನ್ನ ಹತ್ತಿರ ಇದೆ. ಪುಡಿಯನ್ನು ಹಲವು ಸಲ ಬದಲಿಸಿದ್ದಾಯಿತು, ವಾದಿಯನ್ನೂ. ಗಟ್ಟೆಗಳು ಮಾತ್ರ ಅವರು ಕೆತ್ತಿದವೇ. ಎಂಟೂ ಇವೆ.