ಯೌವನದ ಗುಳಿಗೆಯ ಏಳುಬೀಳು

ಮುಟ್ಟು ನಿಲ್ಲುವುದು ಕಾಯಿಲೆಯೇನಲ್ಲ. ಆದರೆ ಆ ವರ್ಷಗಳಲ್ಲಿ ಇದ್ದಕ್ಕಿದ್ದಂತೆ ಮೈಯೆಲ್ಲ ಕಾವೇರುವುದು, ನಡುರಾತ್ರಿ ಬೆವತು ಎಚ್ಚರವಾಗುವುದು ಅನೇಕ ಹೆಂಗಸರ ಪಾಡು. ಅಂಡಾಶಯಗಳಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಉತ್ಪತ್ತಿ ಇಳಿಯುವುದೇ ಇದಕ್ಕೆ ಕಾರಣ. ಕಡಿಮೆಯಾದದ್ದನ್ನು ಹೊರಗಿನಿಂದ ತುಂಬಿದರಾಯಿತು ಎಂಬ ಲೆಕ್ಕದಿಂದ ಹುಟ್ಟಿದ್ದು ಹಾರ್ಮೋನು ಚಿಕಿತ್ಸೆ.

1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ‘ಪ್ರೆಮರಿನ್’ ಗುಳಿಗೆಯ ಮೂಲ ಗಬ್ಬದ ಕುದುರೆಗಳ ಮೂತ್ರ. ಹೆಸರೂ ಅದೇ ಅರ್ಥದ ಇಂಗ್ಲಿಷ್ ಪದಗಳ ತುಂಡುಗಳನ್ನು ಜೋಡಿಸಿದ್ದು. ನುಂಗುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತೋ! 1966ರಲ್ಲಿ ನ್ಯೂಯಾರ್ಕಿನ ಸ್ತ್ರೀರೋಗ ತಜ್ಞ ರಾಬರ್ಟ್ ವಿಲ್ಸನ್ ‘ಫೆಮಿನೈನ್ ಫಾರೆವರ್’ ಎಂಬ ಪುಸ್ತಕ ಬರೆದು, ಋತುಬಂಧವು ಹಾರ್ಮೋನು ಕೊರತೆಯ ರೋಗ, ಈಸ್ಟ್ರೋಜನ್ ಸೇವಿಸಿದರೆ ಹೆಣ್ತನ ಮಾಸದು ಎಂದು ಸಾರಿದರು. ಗುಳಿಗೆಗೆ ಬೇಡಿಕೆ ಏರಿತು. ವಿಲ್ಸನ್‌ರ ಬೆನ್ನಿಗೆ ಔಷಧ ಕಂಪನಿಗಳ ಹಣವಿತ್ತೆಂಬುದು ಆಮೇಲೆ ಬಯಲಾಯಿತು.

ಮೊದಲ ಪೆಟ್ಟು ಬಿದ್ದದ್ದು 1975ರಲ್ಲಿ. ಈಸ್ಟ್ರೋಜನ್ ಒಂದನ್ನೇ ಸೇವಿಸುತ್ತಿದ್ದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚೆಂದು ಎರಡು ಅಧ್ಯಯನಗಳು ತೋರಿಸಿದವು. ಆ ಪದರವನ್ನು ಈಸ್ಟ್ರೋಜನ್ ಬೆಳೆಸುತ್ತದೆ, ಪ್ರೊಜೆಸ್ಟರಾನ್ ಹತೋಟಿಯಲ್ಲಿಡುತ್ತದೆ. ಹಾಗಾಗಿ ಗರ್ಭಕೋಶ ಇರುವವರಿಗೆ ಎರಡನ್ನೂ ಸೇರಿಸಿ, ತೆಗೆಸಿಕೊಂಡವರಿಗೆ ಈಸ್ಟ್ರೋಜನ್ ಮಾತ್ರ ಕೊಡುವ ಪದ್ಧತಿ ಬಂತು. ಅದು ಇಂದಿಗೂ ನಡೆದಿದೆ.

ಇದು ಹೃದಯವನ್ನೂ ಕಾಯುತ್ತದೆಂಬ ನಂಬಿಕೆ ಮುಂದೆ ಬೇರೂರಿತು. ಗುಳಿಗೆ ಕೊಳ್ಳುತ್ತಿದ್ದವರು ಮೊದಲೇ ಅನುಕೂಲಸ್ಥರು, ಆರೋಗ್ಯವಂತರು ಎಂಬುದನ್ನು ಹೆಚ್ಚಿನವರು ಗಮನಿಸಲಿಲ್ಲ. ನಿಜ ತಿಳಿಯಲು ಅಮೆರಿಕ ಸರ್ಕಾರ ಕೈಗೊಂಡ ದೊಡ್ಡ ಪರೀಕ್ಷೆಯಲ್ಲಿ 50ರಿಂದ 79 ವಯಸ್ಸಿನ 16,608 ಮಹಿಳೆಯರಿಗೆ ಜೋಡಿ ಹಾರ್ಮೋನು ಅಥವಾ ಔಷಧವಿಲ್ಲದ ಗುಳಿಗೆ ಕೊಡಲಾಯಿತು. 2002ರ ಜುಲೈನಲ್ಲಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹಾರ್ಮೋನು ಪಡೆದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸ್ತನ ಕ್ಯಾನ್ಸರ್ 8, ಪಾರ್ಶ್ವವಾಯು 8, ಹೃದ್ರೋಗ 7 ಪ್ರಕರಣ ಹೆಚ್ಚು. ಸೊಂಟದ ಮೂಳೆ ಮುರಿತ 5 ಕಡಿಮೆ.

ಅಂಕಿಗಳು ಸಣ್ಣವು, ಹುಟ್ಟಿದ ಭೀತಿ ದೊಡ್ಡದು. ಲಕ್ಷಾಂತರ ಮಂದಿ ಚಿಕಿತ್ಸೆ ಬಿಟ್ಟರು. ಪರೀಕ್ಷೆಗೊಳಗಾದವರ ಸರಾಸರಿ ವಯಸ್ಸು 63, ಅಂದರೆ ಮುಟ್ಟು ನಿಂತು ಹತ್ತು ವರ್ಷ ದಾಟಿದವರೇ ಬಹಳ ಎಂಬುದು ಗದ್ದಲದಲ್ಲಿ ಮರೆಯಾಯಿತು. ವಯಸ್ಸಿಗನುಗುಣವಾಗಿ ಅಂಕಿಗಳನ್ನು ಮತ್ತೆ ವಿಂಗಡಿಸಿದಾಗ ಚಿತ್ರ ಬದಲಾಯಿತು. 60 ದಾಟದ ಅಥವಾ ಮುಟ್ಟು ನಿಂತು ಹತ್ತು ವರ್ಷವಾಗದ ಆರೋಗ್ಯವಂತರಿಗೆ ಕಾವು, ಬೆವರಿನ ಬಾಧೆ ತೀವ್ರವಾಗಿದ್ದರೆ ಅಪಾಯಕ್ಕಿಂತ ಲಾಭವೇ ಹೆಚ್ಚೆಂಬುದು ಈಗಿನ ವೈದ್ಯಕೀಯ ಅಭಿಪ್ರಾಯ. ಹೃದಯ ರಕ್ಷಣೆಗೆಂದು ಇದನ್ನು ಕೊಡುವುದಿಲ್ಲ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಸಾಮಾನ್ಯವಾಗಿ ಇದು ವರ್ಜ್ಯ. ಚರ್ಮಕ್ಕೆ ಅಂಟಿಸುವ ಪಟ್ಟಿಯಿಂದ ಹೆಪ್ಪುಗಟ್ಟುವ ಅಪಾಯ ಗುಳಿಗೆಗಿಂತ ಕಡಿಮೆ ಎನ್ನಲಾಗಿದೆ.

ಶಸ್ತ್ರಚಿಕಿತ್ಸೆಯಲ್ಲಿ 45ಕ್ಕೆ ಮೊದಲೇ ಎರಡೂ ಅಂಡಾಶಯ ಕಳೆದುಕೊಂಡವರ ಪ್ರಶ್ನೆ ಆ ಪರೀಕ್ಷೆಯಲ್ಲಿ ಇರಲೇ ಇಲ್ಲ. ಮೂಳೆ, ಹೃದಯದ ದೃಷ್ಟಿಯಿಂದ ಇಂಥವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡಬೇಕೆಂಬುದೇ ತಜ್ಞರ ಸಲಹೆ. 2002ರ ಭೀತಿ ಅವರ ಕೈಯಿಂದಲೂ ಗುಳಿಗೆ ಕಸಿಯಿತು.